ತೋಟೆ ತುಂಬುವ ಕೈ

ಜನವರಿ 6

ಈ ಪುಸ್ತಕ ಮಾರ್ಲಿಸ್ ತಂದುಕೊಟ್ಟದ್ದು. "ಬೈಯೋದಿದ್ರೆ ಇದಕ್ಕೆ ಬೈಯಿ ಆರ್ವಿಡ್, ನನ್ನ ಕಿವಿ ತುಂಬಿಹೋಗಿದೆ" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಮಾತು ಇದು. ಇರಲಿ. ಕಾಗದ ಎದುರು ಮಾತಾಡುವುದಿಲ್ಲ, ಅದೊಂದು ಒಳ್ಳೆಯ ಗುಣ.

ಮೊದಲ ಬೈಗುಳ, ಕೋವಿಯ ತೋಟೆಯನ್ನು ಮನೆಯಲ್ಲಿ ತಾವೇ ತುಂಬದೆ ಅಂಗಡಿಯದು ಕೊಳ್ಳುವವರಿಗೆ. ಇವತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಒಬ್ಬ ಗಡ್ಡದವನು ಡಬ್ಬಿ ಡಬ್ಬಿ ತೋಟೆ ಕೌಂಟರಿನ ಮೇಲೆ ಪೇರಿಸಿಕೊಂಡು, ಯಾವ ಗುಂಡು ಜಿಂಕೆಗೆ ಒಳ್ಳೆಯದು, ಯಾವುದು ಗಾಳಿಗೆ ವಾಲುತ್ತದೆ ಎಂದು ಭಾಷಣ ಮಾಡುತ್ತಿದ್ದ. ಜನ್ಮದಲ್ಲಿ ಒಲೆ ಹಚ್ಚದೆ ಹೋಟೆಲಿನಲ್ಲಿ ತಿನ್ನುವವನು ಅಡಿಗೆಯ ಬಗ್ಗೆ ಮಾತಾಡಿದ ಹಾಗಿತ್ತು. "ನಿನ್ನ ಕೋವಿಗೆ ಯಾವ ಮದ್ದು ಹಿಡಿಸುತ್ತೆ ಅಂತ ಗೊತ್ತಾ?" ಎಂದು ಕೇಳಿದೆ. "ಡಬ್ಬಿ ಮೇಲೆ ಬರೆದಿರುತ್ತಲ್ಲ" ಎಂದ. ಆ ಡಬ್ಬಿಯನ್ನೇ ಹಾರಿಸು ಹಾಗಾದರೆ ಎಂದು ಬಂದೆ.

ಹೊರಗೆ ಕಿವಿ ಕತ್ತರಿಸುವ ಚಳಿ. ನೆಲಮಾಳಿಗೆಯಲ್ಲಿ ಮಾತ್ರ ಬೆಚ್ಚಗೆ. ಕಳೆದ ಬೇಸಿಗೆ ಹಾರಿಸಿ ಆರಿಸಿಕೊಂಡು ಬಂದಿದ್ದ ಖಾಲಿ ತೋಟೆಗಳನ್ನು ಜೋಳದ ದಿಂಡಿನ ಪುಡಿಯ ಜೊತೆ ಯಂತ್ರದ ಬೋಗುಣಿಗೆ ಹಾಕಿದೆ. ಅದು ಗುರುಗುಟ್ಟುತ್ತಾ ಅವನ್ನು ಕುಣಿಸಿ ಕುಣಿಸಿ ಮಸಿಯೆಲ್ಲ ತೆಗೆಯಿತು. ಆಮೇಲೆ ಮಾರ್ಲಿಸಳ ಜರಡಿಯಲ್ಲಿ ಪುಡಿ ಜಾಲಿಸಿದರೆ ಹಿತ್ತಾಳೆ ಹೊಸ ಚೊಂಬಿನ ಹಾಗೆ ಥಳಥಳ. ಪ್ರೆಸ್ಸಿನ ಹಿಡಿ ಎಳೆದೆ, ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಹಳೆಯ ಕೇಪು ಟಿಕ್ ಎಂದು ಉದುರಿತು. ಉಬ್ಬಿದ್ದ ಹಿತ್ತಾಳೆ ತನ್ನ ಮೊದಲಿನ ಮೈಕಟ್ಟಿಗೆ ಮರಳಿತು. ಹೊಸ ಕೇಪು ಕೂರುವಾಗ ಸರಿಯಾಗಿ ಕೂತಿತೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು, ಕೊನೆಯ ಮದ್ದಿನ ಕಾಳನ್ನು ಚಿಮಟದಲ್ಲಿ ಇಡುವ ಆ ಗಳಿಗೆ ಇದೆಯಲ್ಲ, ಅದನ್ನು ಟಿವಿ ನೋಡುವವರಿಗೆ ಹೇಗೆ ಹೇಳುವುದು? ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿಕೊಂಡು ಬದುಕು ಸವೆಸಿದೆ. ಅಲ್ಲಿ ಎಲ್ಲವೂ ಬೇರೆಯವರ ಅಪ್ಪಣೆ. ಇಲ್ಲಿ ಒಂದು ತೋಟೆ ಹೇಗಿರಬೇಕೆಂದು ಹೇಳುವವನು ನಾನೊಬ್ಬನೇ.

ಮಧ್ಯಾಹ್ನ ಮೇಲೆ ಹೋಗಿ ಒರಗು ಕುರ್ಚಿಯಲ್ಲಿ ಕೂತರೆ ಜೂನಿ ಬಂದು ತೊಡೆ ಹತ್ತುತ್ತಾಳೆ. ಎರಡು ವರ್ಷದ ಮೊಮ್ಮಗಳು. ನಮ್ಮ ಮಗಳು ಕೊರಿನ್ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಅಳಿಯ ಎಣ್ಣೆ ಬಾವಿಯ ಕೆಲಸಕ್ಕೆ ರಾಜ್ಯದ ಗಡಿಯಾಚೆ ಡಕೋಟಾಗೆ ಹೋಗಿದ್ದಾನೆ, ಹಾಗಾಗಿ ಹಗಲೆಲ್ಲ ಮಗು ನಮ್ಮ ಹತ್ತಿರ. ನನ್ನ ಅಂಗಿಯ ತೋಳು ಜಗಿಯುತ್ತಾ ನಿದ್ದೆ ಹೋಗುತ್ತಾಳೆ. ಈ ಮನೆಯಲ್ಲಿ ನನ್ನ ಮಾತಿಗೆ ಮುಖ ಸಿಂಡರಿಸದವಳು ಅವಳೊಬ್ಬಳೇ.

ಜನವರಿ 21

ಕೊರಿನ್ ಮಗುವನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದಳು. ಬೆರಳು ಚುಚ್ಚಿ ರಕ್ತ ತೆಗೆದರಂತೆ. ಸಂಜೆ ಫೋನು. ರಕ್ತದಲ್ಲಿ ಸೀಸ ಇದೆಯಂತೆ, ಇರಬಾರದಷ್ಟು. ತೋಳಿನಿಂದ ಮತ್ತೊಮ್ಮೆ ತೆಗೆದು ನೋಡಬೇಕಂತೆ.

"ಅಪ್ಪ, ನೀನು ಆ ಗುಂಡು ಎರಕ ಹೊಯ್ಯೋದು..." ಎಂದು ಕೊರಿನ್ ಶುರು ಮಾಡಿದಳು.

"ಅದು ಗ್ಯಾರೇಜಲ್ಲಿ" ಎಂದೆ. "ಮಗು ಗ್ಯಾರೇಜಿಗೆ ಬರುತ್ತಾ?"

"ಇಲ್ಲ."

"ಮತ್ತೆ?"

ಫೋನು ಇಟ್ಟಳು. ಸೀಸ ಎಂದರೆ ಏನೆಂದು ನನಗೆ ಹೇಳಿಕೊಡುತ್ತಾರೆ ಇವರು! ರೈಫಲ್ ಕ್ಲಬ್ಬಿನ ಗೆಳೆಯ ಡೆಲ್ಮರನ ಟೈರ್ ಅಂಗಡಿಯಿಂದ ಚಕ್ರಕ್ಕೆ ಹಾಕುವ ಸೀಸದ ತುಂಡು ತಂದು ಕರಗಿಸಿ ಅಚ್ಚಿಗೆ ಹೊಯ್ಯುತ್ತಾ ಬಂದಿದ್ದೇನೆ. ಅದು ಭಾರದ ವಸ್ತು, ಬಿದ್ದಲ್ಲಿ ಬಿದ್ದಿರುತ್ತದೆ. ನಡೆದುಕೊಂಡು ಬಂದು ಮಗುವಿನ ಬಾಯಿಗೆ ಹೋಗುವುದಿಲ್ಲ. ಇದು ಕೊರಿನ್ ಬಾಡಿಗೆಗೆ ಹಿಡಿದ ಆ ಮುದಿ ಮನೆಯ ಬಣ್ಣ. ಇಲ್ಲವೇ ಆ ಅಗ್ಗದ ಬಣ್ಣದ ಆಟಿಕೆಗಳು. ಕಂಡದ್ದನ್ನೆಲ್ಲ ಕೊಡಿಸುತ್ತಾರೆ, ಆಮೇಲೆ ಮುದುಕನ ಕಡೆ ಬೆರಳು.

ಮಾರ್ಲಿಸ್ ಊಟದ ಹೊತ್ತಿಗೆ ನನ್ನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಹೋದಳು. ಆಲೂಗಡ್ಡೆ ಬೇಯಿಸಿದ್ದೂ ಸಪ್ಪೆ.

ಜನವರಿ 29

ಎರಡನೆಯ ಸಲವೂ ಅದೇ. ಕೌಂಟಿಯ ಆರೋಗ್ಯ ಇಲಾಖೆಯಿಂದ ನರ್ಸ್ ಬಂದು ಎರಡೂ ಮನೆ ನೋಡುತ್ತಾಳಂತೆ.

ತಲೆನೋವು. ಕೆಫೆಯಲ್ಲಿ ಕಾಫಿ ತಣ್ಣಗಿತ್ತು, ಹೇಳಿದ್ದಕ್ಕೆ ಅದನ್ನು ತಂದ ಹುಡುಗಿ ಅತ್ತಳು. ಕಾಫಿ ಬಿಸಿ ಮಾಡಲು ಬಾರದವರು ಕೆಫೆಗೆ ಯಾಕೆ ಸೇರುತ್ತಾರೆ?

ಫೆಬ್ರವರಿ 4

ನರ್ಸ್ ಬಂದಳು. ಪ್ಯಾಟ್ರಿಸ್ ಒಡೆಗಾರ್ಡ್ ಎಂದು ಹೆಸರು. ಕೈಯಲ್ಲಿ ಒಂದು ಪಿಸ್ತೂಲಿನಂಥ ಯಂತ್ರ. ಗೋಡೆಗೆ ಹಿಡಿದು ಒತ್ತಿದರೆ ಬಣ್ಣದಲ್ಲಿ ಸೀಸ ಇದೆಯೋ ಇಲ್ಲವೋ ಹೇಳುತ್ತದಂತೆ. ಕಿಟಕಿ, ಬಾಗಿಲು, ಮೆಟ್ಟಿಲು ಎಲ್ಲಕ್ಕೂ ಗುರಿ ಇಟ್ಟಳು. ಕೋವಿಯವರ ಮನೆಯಲ್ಲಿ ಕೋವಿ ಹಿಡಿದು ಓಡಾಡುವ ಸರಕಾರಿ ಹೆಂಗಸು! ಆಮೇಲೆ ಒದ್ದೆ ಬಟ್ಟೆಯ ಚೂರುಗಳಿಂದ ಅಲ್ಲಿ ಇಲ್ಲಿ ಒರೆಸಿ, ಒಂದೊಂದನ್ನೂ ಪುಟ್ಟ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದಳು. ಮಾರ್ಲಿಸಳಿಗಿಂತ ಚೆನ್ನಾಗಿ ಧೂಳು ಹೊಡೆಯುತ್ತೀರಿ ಎಂದೆ. ನಗಲಿಲ್ಲ. ಮಾರ್ಲಿಸಳೂ ನಗಲಿಲ್ಲ.

ನೆಲಮಾಳಿಗೆಗೆ ಇಳಿದಳು. ತೋಟೆ ತುಂಬುವ ಬೆಂಚಿನ ಮೇಲೆ ನನ್ನ ಅರ್ಧ ತಿಂದ ಸ್ಯಾಂಡ್‌ವಿಚ್ ಇತ್ತು.

"ಮಿಸ್ಟರ್ ಹಾಲ್ವರ್ಸನ್, ಇಲ್ಲೇ ಊಟ ಮಾಡ್ತೀರಾ?"

"ಊಟ ಅಲ್ಲ. ಸ್ಯಾಂಡ್‌ವಿಚ್."

"ಕೈ ತೊಳ್ಕೊಂಡು?"

"ನಾನೇನು ಆಪರೇಷನ್ ಮಾಡೋಕೆ ಹೊರಟಿದೀನಾ?"

ಜೋಳದ ಪುಡಿಯ ಯಂತ್ರವನ್ನು ನೋಡಿದಳು. ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರ. ಜರಡಿಯನ್ನು ಎತ್ತಿ ಹಿಡಿದು, "ಇದು?" ಎಂದಳು.

ಮಾರ್ಲಿಸ್ ಮೆಟ್ಟಿಲ ಮೇಲಿನಿಂದಲೇ ಹೇಳಿದಳು, "ಅದು ನನ್ನ ಶಾವಿಗೆ ಬಸಿಯೋ ಜರಡಿ. ತೊಳೆದು ವಾಪಸ್ ಇಡ್ತಾನೆ."

"ತೊಳೀತೀನಿ" ಎಂದೆ. "ಸೋಪು ಹಾಕಿ."

ನರ್ಸಮ್ಮ ಆಗ ಪಾಠ ಶುರು ಮಾಡಿದಳು. ಹಾರಿಸಿದ ಕೇಪಿನ ಮಸಿಯಲ್ಲಿ ಸೀಸ ಇರುತ್ತದಂತೆ. ಅದೇ ಈ ಪುಡಿಗೆ ಸೇರುತ್ತದಂತೆ. ಪುಡಿ ಜಾಲಿಸಿದಾಗ ಹೊಗೆಯ ಹಾಗೆ ಏಳುವ ಧೂಳು ಕೈ, ಕೂದಲು, ಅಂಗಿ ಎಲ್ಲ ಕಡೆ ಕೂರುತ್ತದಂತೆ. "ಗುಂಡು ಭಾರ ಸಾರ್. ಧೂಳು ಭಾರ ಅಲ್ಲ." ನಿಮ್ಮ ರಕ್ತವನ್ನೂ ಒಮ್ಮೆ ತೋರಿಸಿ ಎಂದಳು. ನನ್ನ ರಕ್ತ ನನ್ನ ಹತ್ತಿರವೇ ಇರಲಿ ಎಂದೆ.

ಫೆಬ್ರವರಿ 6

ವರದಿ ಬರುವ ತನಕ ಜೂನಿಯನ್ನು ಇಲ್ಲಿಗೆ ತರುವುದಿಲ್ಲವೆಂದು ಕೊರಿನ್ ಹೇಳಿದಳು. ಮಾರ್ಲಿಸ್ ಬೆಳಗಾದರೆ ಅಲ್ಲಿಗೇ ಹೋಗುತ್ತಾಳೆ. ಮನೆ ನಿಶ್ಶಬ್ದ. ಒಳ್ಳೆಯದೇ ಆಯಿತು. ಯಾರೂ ಮೆಟ್ಟಿಲ ಮೇಲೆ ನಿಂತು ಕೂಗುವುದಿಲ್ಲ. ದಿನವಿಡೀ ತೋಟೆ ತುಂಬಿದೆ.

ಮಧ್ಯಾಹ್ನ ಕುರ್ಚಿಯಲ್ಲಿ ಕೂತರೆ ನಿದ್ದೆ ಬರಲಿಲ್ಲ.

ಫೆಬ್ರವರಿ 18

ನರ್ಸ್ ವರದಿ ತಂದಳು, ಕೊರಿನ್‌ಳೂ ಬಂದಿದ್ದಳು. ಕೊರಿನ್‌ಳ ಬಾಡಿಗೆ ಮನೆಯಲ್ಲಿ ಏನೂ ಇಲ್ಲ. ಬಣ್ಣದಲ್ಲಿಲ್ಲ, ನೀರಿನಲ್ಲಿಲ್ಲ, ಆಟಿಕೆಯಲ್ಲಿಲ್ಲ. ನಮ್ಮ ಮನೆಯ ಗೋಡೆಯಲ್ಲೂ ಇಲ್ಲ.

ಇರುವುದು ನೆಲಮಾಳಿಗೆಯಲ್ಲಿ, ಅಡಿಗೆಮನೆಯ ಸಿಂಕಿನಲ್ಲಿ, ಆ ಹಾಳು ಜರಡಿಯಲ್ಲಿ. ಮೇಲಿನ ಕೋಣೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನನ್ನ ಒರಗು ಕುರ್ಚಿಯಲ್ಲಿ.

ನರ್ಸ್ ನಿಧಾನವಾಗಿ ಕೇಳಿದಳು, "ಮಗು ಎಲ್ಲಿ ಆಡುತ್ತೆ ಸಾರ್?"

ಕೊರಿನ್ ಹೇಳಿದಳು. "ಅಪ್ಪನ ತೊಡೆ ಮೇಲೆ. ಅಂಗಿ ಜಗೀತಾಳೆ. ಅಪ್ಪನ ಬೆರಳು ಚೀಪ್ತಾಳೆ." ಹೇಳುತ್ತಾ ಆ ಕುರ್ಚಿಯ ಕಡೆ ಬೆರಳು ಮಾಡಿದಳು.

ಸುಳ್ಳು ವರದಿ ಎಂದೆ. ಪ್ರಯೋಗಾಲಯದವರು ಬಾಟಲಿ ಅದಲು ಬದಲು ಮಾಡಿದ್ದಾರೆ ಎಂದೆ. ಕೋವಿ ಕಂಡರಾಗದವರ ಪಿತೂರಿ ಎಂದೆ. ಇನ್ನೂ ಏನೇನೋ ಅಂದೆ. ನರ್ಸ್ ಎದ್ದು ಕೋಟು ಹಾಕಿಕೊಂಡಳು. ಮಾರ್ಲಿಸ್ ಅವಳಿಗೆ ಬಾಗಿಲು ತೆರೆದು, ನನ್ನ ಪರವಾಗಿ ಕ್ಷಮೆ ಕೇಳಿದಳು. ನನ್ನ ಪರವಾಗಿ! ನನ್ನ ಮನೆಯಲ್ಲಿ!

ಫೆಬ್ರವರಿ 19

ಕುರ್ಚಿಯನ್ನು ಪಿಕಪ್‌ಗೆ ಹಾಕಿಕೊಂಡು ಹೋಗಿ ಕಸದ ಗುಂಡಿಗೆ ಎಸೆದು ಬಂದೆ. ಸ್ಪ್ರಿಂಗು ಹಾಳಾಗಿತ್ತು.

ಫೆಬ್ರವರಿ 27

ರೈಫಲ್ ಕ್ಲಬ್ಬಿನ ಕಾಫಿ ಮೇಜಿನಲ್ಲಿ ಸುದ್ದಿ ಹಬ್ಬಿದೆ. ಡೆಲ್ಮರ್ ಗ್ರೋವನ ಹೆಂಡತಿ ಅವನನ್ನು ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದಾಳೆ. ಅವನಿಗೂ ಸೀಸವಂತೆ. ಏನೋ ಪದಕ ಗೆದ್ದವನ ಹಾಗೆ ಅಂಕಿ ಹೇಳಿಕೊಂಡು ಎದೆ ಉಬ್ಬಿಸಿದ್ದ.

"ನಿಂದೆಷ್ಟೋ ಆರ್ವಿಡ್?"

"ಮಾಡಿಸಿಲ್ಲ."

"ಹೆದರಿಕೆನಾ?"

"ನಿನಗಿಂತ ಜಾಸ್ತಿ ಬಂದ್ರೆ ನಿನಗೆ ಹೊಟ್ಟೆ ಉರಿಯುತ್ತಲ್ಲ ಅಂತ."

ಮೇಜೆಲ್ಲ ನಕ್ಕಿತು. ಮೂರು ಜನ ಕೈ ಎತ್ತಿ ತಾವೂ ಮಾಡಿಸುತ್ತೇವೆ ಎಂದರು, ಪಂದ್ಯಕ್ಕೆ ಹೆಸರು ಕೊಟ್ಟ ಹಾಗೆ. ಇವರ ಬುದ್ಧಿಗೆ ಏನು ಹೇಳುವುದು. ಡೆಲ್ಮರ್ ಗುಂಡು ಎರಕ ಹೊಯ್ಯುವುದು ವರ್ಷಕ್ಕೊಮ್ಮೆ. ಅವನಿಗೆ ಅಷ್ಟಿದ್ದರೆ ನನಗೆ ಎಷ್ಟಿರಬೇಡ. ನಾಳೆ ಹೋಗಿ ಕೊಟ್ಟು ಬರುತ್ತೇನೆ, ಇವನ ಬಾಯಿ ಮುಚ್ಚಿಸಲು.

ಮಾರ್ಚ್ 5

ಡೆಲ್ಮರನನ್ನು ಸೋಲಿಸಿದೆ. ಎಷ್ಟರ ಮಟ್ಟಿಗೆ ಎಂದರೆ ಡಾಕ್ಟರೇ ಫೋನು ಮಾಡಿದರು.

ತಲೆನೋವು ಇದೆಯೇ? ಇದೆ. ಕೀಲು ನೋವು? ವಯಸ್ಸಾಗಿದೆ. ಮರೆವು? ಮರೆಯುವಂಥ ಜನ, ಮರೆಯುತ್ತೇನೆ. ನಿದ್ದೆ? ಇಲ್ಲ. ಸಣ್ಣಪುಟ್ಟದಕ್ಕೂ ಸಿಟ್ಟು ಬರುತ್ತದೆಯೇ? ಈ ಪ್ರಶ್ನೆ ಕೇಳಿದಾಗ ಮಾರ್ಲಿಸ್ ಇನ್ನೊಂದು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು. "ಹೌದು ಡಾಕ್ಟರೇ" ಎಂದಳು, ನನಗಿಂತ ಮೊದಲು.

ಇವೆಲ್ಲ ಸೀಸದ ಲಕ್ಷಣವಂತೆ. ನನ್ನ ಸಿಟ್ಟು ಸೀಸದಿಂದ ಬರುವುದಲ್ಲ, ಜನರಿಂದ ಬರುವುದು. ಜನ ನೆಟ್ಟಗಾದರೆ ನಾನೂ ನೆಟ್ಟಗಿರುತ್ತೇನೆ. ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಔಷಧಿ ಇಲ್ಲ.

ಬೆಂಚಿನ ಹತ್ತಿರ ಹೋಗಬಾರದಂತೆ, ಅಂಕಿ ಇಳಿಯುವ ತನಕ.

ಮಾರ್ಚ್ 16

ಕೌಂಟಿಯವರು ಹೇಳಿದ ಹಾಗೆ ಮನೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುವ ಕೆಲಸ. ಮೂಗಿಗೆ ಮುಖವಾಡ. ಮಾರ್ಲಿಸ್ ನನ್ನ ಹತ್ತಿರ ಮಾತಾಡುವುದು ಬಕೆಟ್ಟಿನ ವಿಷಯ ಮಾತ್ರ.

ಡೆಲ್ಮರ್ ಮೀನು ಹಿಡಿಯಲು ಕರೆದ. ಮಂಜುಗಡ್ಡೆಗೆ ತೂತು ಕೊರೆದು ಅದನ್ನೇ ನೋಡುತ್ತಾ ಕೂರುವುದು ಒಂದು ಹವ್ಯಾಸವೇ? ಚರ್ಚಿನಲ್ಲಿ ಒಬ್ಬರು ಗಾಲ್ಫ್ ಆಡಿ ಎಂದರು. ದೊಡ್ಡವರು ಚೆಂಡು ಕಳೆದುಕೊಂಡು ಹುಲ್ಲಿನಲ್ಲಿ ಹುಡುಕುವ ಆಟ. ಕೈ ಖಾಲಿ ಇದ್ದರೆ ಹೇಗಿರುತ್ತದೆಂದು ಇವರಿಗೆ ಗೊತ್ತಿಲ್ಲ. ಬೆಳಿಗ್ಗೆ ಏಳುವಾಗಲೇ ಬೆರಳು ಚಿಮಟ ಹಿಡಿದ ಹಾಗೆ ಮಡಚಿಕೊಂಡಿರುತ್ತದೆ.

ಮಾರ್ಚ್ 31

ಕೊರಿನ್ ಮಾರ್ಲಿಸಳನ್ನು ಬಿಡಲು ಬಂದಿದ್ದಳು. ಜೂನಿ ಹಿಂದಿನ ಸೀಟಿನಲ್ಲಿ. ನನ್ನನ್ನು ಕಂಡು ಗಾಜಿಗೆ ಮುಖ ಒತ್ತಿ "ತಾತಾ ತಾತಾ" ಎಂದು ಬಡಿದಳು. ನಾನು ಕಾರಿನ ಬಾಗಿಲಿಗೆ ಕೈ ಹಾಕಿದೆ.

"ಅಪ್ಪ, ಬೇಡ."

"ಸ್ನಾನ ಮಾಡಿದೀನಿ."

"ಗೊತ್ತು. ಆದ್ರೂ ಬೇಡ." ಆಮೇಲೆ ಮೆಲ್ಲಗೆ, "ಅವಳ ವಯಸ್ಸಿನ ಮಕ್ಕಳು ಸಾಲು ಸಾಲು ಮಾತಾಡ್ತವೆ ಅಪ್ಪ. ಇವಳು ನಾಲ್ಕು ಪದದಲ್ಲೇ ನಿಂತಿದಾಳೆ. ಅದು ಇದರಿಂದಾನೋ ಅಲ್ವೋ ಅಂತ ಡಾಕ್ಟರೂ ಹೇಳಲ್ಲ. ನಾನು ರಾತ್ರಿಯೆಲ್ಲ ಅದೇ ಯೋಚಿಸ್ತೀನಿ."

ಬಾಗಿಲ ಹಿಡಿಯಿಂದ ಕೈ ತೆಗೆದೆ. ಕಾರು ತಿರುವಿನಲ್ಲಿ ಮರೆಯಾಗುವ ತನಕ ಗಾಜಿನಲ್ಲಿ ಆ ಪುಟ್ಟ ಕೈ ಕಾಣುತ್ತಿತ್ತು.

ಏಪ್ರಿಲ್ 20

ಕ್ಲಬ್ಬಿನ ವಸಂತ ಪಂದ್ಯ. ನನ್ನ ಹತ್ತಿರ ಇದ್ದ ತೋಟೆಗಳನ್ನೆಲ್ಲ ಮಾರ್ಲಿಸ್ ಡಬ್ಬಿಗೆ ಹಾಕಿ ಟೇಪು ಸುತ್ತಿ, ಕೊರಿನ್ ಮುಂದೆ ಆಣೆ ಮಾಡಿ ಬೀಗ ಹಾಕಿದ್ದಾಳೆ. ಡೆಲ್ಮರ್ ತನ್ನ ತೋಟೆ ಕೊಡಲು ಬಂದ.

"ತಗೋ, ನಿನ್ನ ಕೋವಿಗೂ ಇದೇ ಅಳತೆ. ನಾನೇ ತುಂಬಿದ್ದು."

ಅದೇ ಕಷ್ಟ ಎಂದೆ. ತನ್ನ ಹಲ್ಲುಜ್ಜುವ ಬ್ರಷ್ಷನ್ನು ಇನ್ನೊಬ್ಬನಿಗೆ ಕೊಟ್ಟಂತೆ ಇದು. ಬೇರೆಯವನು ತುಂಬಿದ ತೋಟೆಯನ್ನು ನಮ್ಮಲ್ಲಿ ಯಾರೂ ಹಾರಿಸುವುದಿಲ್ಲ, ಅಣ್ಣತಮ್ಮಂದಿರ ನಡುವೆಯೂ ಇಲ್ಲ. ಮದ್ದು ಎರಡು ಸಲ ಬಿದ್ದಿದ್ದರೆ ಕೋವಿ ಮುಖದ ಮುಂದೆಯೇ ಸಿಡಿಯುತ್ತದೆ. ಅದು ಗೊತ್ತಿದ್ದೂ ಕೊಡಲು ಬಂದನಲ್ಲ, ಅಷ್ಟು ಪಾಪ ಅನ್ನಿಸಿರಬೇಕು ನನ್ನ ಮುಖ.

ಕೊನೆಗೆ ಅಂಗಡಿಯ ತೋಟೆ ಕೊಂಡೆ. ಡಬ್ಬಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋದೆ, ಸಾರಾಯಿ ಕುಡಿಯುವವನ ಹಾಗೆ. ಗುರಿ ಹಲಗೆ ನೋಡಿದರೆ ತೂತುಗಳು ನನ್ನ ಸ್ವಂತ ತೋಟೆಯಷ್ಟೇ ಒತ್ತಟ್ಟಿಗೆ ಬಿದ್ದಿವೆ. ಗಾಳಿ ಇರಲಿಲ್ಲ, ಅದಕ್ಕೆ.

ಮೇ 14

ಗಮನಿಸಿದ ವಿಷಯ: ಈಚೆಗೆ ಜನ ಸ್ವಲ್ಪ ಸುಧಾರಿಸಿದ್ದಾರೆ. ಕೆಫೆಯಲ್ಲಿ ಕಾಫಿ ಬಿಸಿಯಾಗಿ ಬರುತ್ತಿದೆ. ಆ ಹುಡುಗಿಯ ಹೆಸರು ಟೆಸ್ಲಿನ್ ಅಂತೆ, ಅಪ್ಪ ಬಾರ್ಲಿ ಬೆಳೆಯುತ್ತಾನೆ, ಚೆನ್ನಾಗಿ ಮಾತಾಡುತ್ತಾಳೆ. ಮೊದಲು ಯಾಕೆ ಹಾಗೆ ಮುಖ ಊದಿಸಿಕೊಂಡಿರುತ್ತಿದ್ದಳೋ.

ನರ್ಸ್ ಒಡೆಗಾರ್ಡ್ ಮತ್ತೆ ಬಂದಿದ್ದಳು. ಈ ಸಲ ವಿನಯ ಕಲಿತಿದ್ದಾಳೆ. ಬೆಂಚನ್ನು ಸುಡಬೇಕಾಗಿಲ್ಲ ಎಂದಳು. ಮನೆಯಿಂದ ದೂರ ಒಂದು ಷೆಡ್ಡು, ಹಿತ್ತಾಳೆಯನ್ನು ಒಣ ಪುಡಿಯ ಬದಲು ನೀರಿನಲ್ಲಿ ತೊಳೆಯುವುದು, ಎರಕ ನಿಲ್ಲಿಸುವುದು, ಬೇರೆ ಅಂಗಿ ಬೇರೆ ಬೂಟು, ಬರುವ ಮುಂಚೆ ಕೈ ಮುಖ ತೊಳೆಯುವುದು. ತಾನೂ ತನ್ನ ಅಪ್ಪನ ಜೊತೆ ಹೊಲ ಕೊರೆಯುವ ಗೋಫರ್ ಇಲಿ ಹೊಡೆಯಲು ಹೋಗುತ್ತಿದ್ದಳಂತೆ. ಅದನ್ನು ಮೊದಲ ದಿನವೇ ಹೇಳಬಾರದಿತ್ತೇ?

ರಾತ್ರಿ ನಿದ್ದೆ ಬರುತ್ತಿದೆ. ಹೊಸ ದಿಂಬಿನಿಂದ ಇರಬೇಕು.

ಜೂನ್ 22

ಷೆಡ್ಡು ಎದ್ದಿತು. ಹಿತ್ತಿಲ ಕೊನೆಯಲ್ಲಿ, ಗಾಳಿ ಎಳೆಯುವ ಫ್ಯಾನು ಹಾಕಿ. ಡೆಲ್ಮರ್ ಬಂದು ಮೊಳೆ ಹೊಡೆದ, ಅರ್ಧ ಸೊಟ್ಟ. ಬಾಗಿಲ ಹೊರಗೆ ಬೂಟಿಗೆ ಒಂದು ಪೆಟ್ಟಿಗೆ, ಅಂಗಿಗೆ ಒಂದು ಗೂಟ. ಗುಂಡು ಇನ್ನು ಮೇಲೆ ಅಂಗಡಿಯದು. ಎಂಥ ಗತಿ ಬಂತು.

ಕೊರಿನ್‌ಳನ್ನು ಕರೆದು ತೋರಿಸಿದೆ. ಎಲ್ಲವನ್ನೂ ನೋಡಿದಳು.

"ಚೆನ್ನಾಗಿ ಮಾಡಿದೀಯ ಅಪ್ಪ. ಆದ್ರೆ ಇದು ಇರೋವರೆಗೂ ಜೂನಿಯನ್ನ ನಿನ್ನ ಹತ್ತಿರ ಒಂದು ನಿಮಿಷಾನೂ ಒಬ್ಬಳೇ ಬಿಡಲ್ಲ. ನಾನು ಪಕ್ಕದಲ್ಲೇ ಇರ್ತೀನಿ."

"ಕೂದಲೆಳೆಯಷ್ಟು ಮದ್ದು ಹೆಚ್ಚು ಕಡಿಮೆ ಆಗದ ಹಾಗೆ ತೂಗೋ ಕೈ ಇದು! ಈ ಕೈನ ತೊಳ್ಕೊಳೋಕೆ ಬರಲ್ವಾ ನನಗೆ?"

"ಬರುತ್ತೆ. ತೊಳೆದ್ಯೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನಾನು ಹೇಳ್ತೀನಲ್ಲ!"

"ಸೀಸ ಮನೆಯೊಳಗೆ ಬರಲ್ಲ ಅಂತಾನೂ ನೀನೇ ಹೇಳಿದ್ದೆ."

ಹೋದಳು. ಮೈಯೆಲ್ಲ ಉರಿಯಿತು. ಸ್ವಂತ ಮಗಳು!

ಜೂನ್ 23

ನಿನ್ನೆಯ ಮಾತು ತಲೆಯಿಂದ ಹೋಗುತ್ತಿಲ್ಲ. ಕೊರಿನ್‌ಳಿಗೆ ನಾಲ್ಕು ಮಾತು ಬರೆದು ಕಳಿಸೋಣವೆಂದು ಕೂತೆ. ಅಪ್ಪನ ಮಾತನ್ನು ನಂಬದ ಮಕ್ಕಳ ಬಗ್ಗೆ ಒಳ್ಳೆಯ ಖಾರದ ಸಾಲುಗಳೇ ಬಂದವು.

ಆಗ ಡೆಲ್ಮರನ ನೆನಪಾಯಿತು. ಅವನು ಕಳ್ಳನಲ್ಲ, ಕುಡುಕನಲ್ಲ, ನಿಧಾನಸ್ಥ. ಅವನ ತೋಟೆಯನ್ನು ನಾನು ಯಾಕೆ ಹಾರಿಸಲಿಲ್ಲ? ತುಂಬುವಾಗ ನಾನು ಅವನ ಕೈ ನೋಡಿರಲಿಲ್ಲ, ಅಷ್ಟೇ. ಅವನಿಗೆ ಬೇಸರವೂ ಆಗಲಿಲ್ಲ, ಅದು ಅವಮಾನವಲ್ಲವೆಂದು ಅವನಿಗೂ ಗೊತ್ತು. ಸಿಡಿದರೆ ಮುಖ ನನ್ನದು.

ಇಲ್ಲಿ ಮುಖ ಜೂನಿಯದು. ಕೊರಿನ್ ಎಂದೂ ತೋಟೆ ತುಂಬಿದವಳಲ್ಲ, ನಮ್ಮ ಮೊದಲ ಪಾಠ ಮಾತ್ರ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ, ಅದಕ್ಕೇ ಇಲ್ಲಿ ಬರೆದು ಮುಗಿಸುತ್ತಿದ್ದೇನೆ. ಅವಳಿಗೆ ಬರೆದದ್ದನ್ನು ಹರಿದು ಹಾಕಿದೆ. ಸಾಲುಗಳು ಚೆನ್ನಾಗಿದ್ದವು.

ಜುಲೈ 17

ನನ್ನ ಅಂಕಿ ಡೆಲ್ಮರನದಕ್ಕಿಂತ ಕೆಳಗೆ ಬಂದಿದೆ. ಅವನು ಇನ್ನೂ ಬೆಂಚಿನ ಮೇಲೆ ತಿನ್ನುತ್ತಾನೆ, ಮೂರ್ಖ. ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಅವನ ಕೈಯ ಡೋನಟ್ ಕಿತ್ತು ಕಸಕ್ಕೆ ಹಾಕಿ, ಸಿಂಕಿನ ಹತ್ತಿರ ಎಳೆದುಕೊಂಡು ಹೋಗಿ ಸೋಪು ಕೊಟ್ಟೆ. "ನೀನು ಆ ನರ್ಸಿಗಿಂತ ಕಡೆ ಕಣೋ" ಎಂದ. ಉಗುರಿನ ಸಂದಿ ಬಿಟ್ಟಿದ್ದೀಯ ಎಂದೆ.

ಆಗಸ್ಟ್ 24

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಡಾಕ್ಟರ ಒಪ್ಪಿಗೆ ಬಂದಿತ್ತು. ಬೆಳಿಗ್ಗೆ ಷೆಡ್ಡಿಗೆ ಹೋಗಿ ಬೆಂಚಿಗೆ ಕೂತೆ, ಚಳಿಗಾಲದ ನಂತರ ಮೊದಲ ಸಲ. ಪ್ರೆಸ್ಸಿಗೆ ಎಣ್ಣೆ ಬಿಟ್ಟು ಹಿಡಿ ಎಳೆದರೆ ಆ ನುಣುಪು, ಆ ತೂಕ, ಅದೇ ಟಿಕ್. ಕೈ ಏನನ್ನೂ ಮರೆತಿರಲಿಲ್ಲ. ಕೇಪು ಕೂತದ್ದು ಬೆರಳಿಗೆ ತಿಳಿಯಿತು. ತಕ್ಕಡಿಯ ಮುಳ್ಳು ಅಲುಗಾಡಿ ಅಲುಗಾಡಿ ನಿಂತಿತು, ನನ್ನ ಉಸಿರೂ ನಿಂತಿತು. ಒಂದೇ ಒಂದು ತೋಟೆ ಮುಗಿಸಿ ಬೆಳಕಿಗೆ ಹಿಡಿದು ನೋಡಿದೆ. ಇಂಥದ್ದೊಂದನ್ನು ಮಾಡಬಲ್ಲವನಿಗೆ ಬೇರೆ ಸುಖ ಯಾಕೆ ಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜ, ಮುಚ್ಚಿಡುವುದಿಲ್ಲ.

ಹೊರಗೆ ಕಾರಿನ ಸದ್ದು. ಮಾರ್ಲಿಸ್ ಸಾಮಾನು ತಂದಳೆಂದು ಹಾಗೇ ಹೊರಗೆ ಬಂದೆ. ಅದೇ ಅಂಗಿ, ಅದೇ ಬೂಟು, ಕೈಯೆಲ್ಲ ಹಿತ್ತಾಳೆಯ ಮಸಿ.

ಜೂನಿ! ಹುಲ್ಲಿನ ಮೇಲೆ ನನ್ನ ಕಡೆಗೇ ಓಡಿ ಬರುತ್ತಿದ್ದಳು, ಎತ್ತಿಕೋ ಎಂದು ಎರಡೂ ಕೈ ಮೇಲೆ ಮಾಡಿಕೊಂಡು. ಎಷ್ಟು ಬೆಳೆದಿದ್ದಾಳೆ. ಹಿಂದೆ ಕೊರಿನ್, ದೂರದಲ್ಲಿ, ಕಾರಿನ ಬಾಗಿಲು ಇನ್ನೂ ಮುಚ್ಚಿರಲಿಲ್ಲ.

ನಾನು ಹಿಂದೆ ಸರಿದೆ. ಬೆನ್ನು ಷೆಡ್ಡಿನ ಗೋಡೆಗೆ ತಾಗಿತು. ನನ್ನ ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿದೆ, ಯಾರೋ ಕೋವಿ ಗುರಿ ಇಟ್ಟಿದ್ದಾರೆ ಎನ್ನುವಂತೆ. ಅವಳೂ ಕೈ ಎತ್ತಿದ್ದಾಳೆ, ನಾನೂ ಕೈ ಎತ್ತಿದ್ದೇನೆ.

"ಕೊರಿನ್! ಎತ್ಕೋ ಅವಳನ್ನ! ನನ್ನ ಮುಟ್ಟೋಕೆ ಬಿಡಬೇಡ, ಬೇಗ ಬಾ! ನಾನು ಗಲೀಜಾಗಿದೀನಿ!"

ಎಷ್ಟು ಜೋರಾಗಿ ಕೂಗಿದೆನೋ, ಜೂನಿ ಹೆದರಿ ನಿಂತು, ತುಟಿ ಬಿರಿದು ಅಳತೊಡಗಿದಳು. ನಾನು ಕೈ ಇಳಿಸಲಿಲ್ಲ. ಅವಳು ಅಳುವುದನ್ನು ನೋಡುತ್ತಾ ಹಾಗೇ ನಿಂತೆ. ಈ ಆರು ತಿಂಗಳಲ್ಲಿ ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ನನಗೂ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಇರಲಿಲ್ಲ.

ಕೊರಿನ್ ಓಡಿಬಂದು ಮಗುವನ್ನು ಎತ್ತಿಕೊಂಡಳು. ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು.

"ಇವಳ ಅಂಕಿ ಇಳಿದಿದೆ ಅಪ್ಪ. ತುಂಬಾ ಇಳಿದಿದೆ. ಅದನ್ನ ಹೇಳೋಣ ಅಂತ ಬಂದೆ."

"ಕೈ ತೊಳ್ಕೊಂಡು ಬರ್ತೀನಿ" ಎಂದೆ.

ಬೂಟು ಪೆಟ್ಟಿಗೆಗೆ, ಅಂಗಿ ಗೂಟಕ್ಕೆ. ಷೆಡ್ಡಿನ ಸಿಂಕಿನಲ್ಲಿ ಮೊಣಕೈ ತನಕ ತಿಕ್ಕಿದೆ. ಮುಖ, ಕುತ್ತಿಗೆ, ಉಗುರಿನ ಸಂದಿ. ಒಗೆದ ಅಂಗಿ ಹಾಕಿಕೊಂಡು ಹುಲ್ಲಿಗೆ ಬಂದಾಗ ಅವರು ಅಲ್ಲೇ ಕಾಯುತ್ತಿದ್ದರು. ಜೂನಿಯ ಅಳು ನಿಂತಿತ್ತು. ತೊಳೆದೆಯಾ ಎಂದು ಕೊರಿನ್ ಕೇಳಲಿ ಎಂದು ನಾನು ಎರಡೂ ಅಂಗೈ ಮುಂದೆ ಹಿಡಿದು ನಿಂತೆ.

ಅವಳು ಕೇಳಲಿಲ್ಲ. ಮಗುವನ್ನು ನನ್ನ ಮುಂದೆ ಇಳಿಸಿದಳು.

"ಒಳಗೆ ಹೋಗಿ ಕಾಫಿಗೆ ಇಡ್ತೀನಿ" ಎಂದು ಮನೆಯ ಕಡೆ ನಡೆದಳು. ಮೆಟ್ಟಿಲು ಹತ್ತಿದಳು, ಬಾಗಿಲು ತೆರೆದಳು, ಒಳಗೆ ಹೋದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಜೂನಿ ಮತ್ತೆ ಕೈ ಎತ್ತಿದಳು. "ಇರು ಪುಟ್ಟಿ, ಒಂದೇ ಗಳಿಗೆ" ಎಂದು, ಪಕ್ಕದಲ್ಲೇ ಇದ್ದ ತೋಟದ ನಲ್ಲಿ ತಿರುಗಿಸಿ ಇನ್ನೊಂದು ಸಲ ಕೈ ತೊಳೆದೆ. ಯಾರೂ ನೋಡುತ್ತಿರಲಿಲ್ಲ. ಆಮೇಲೆ ಎತ್ತಿಕೊಂಡೆ.